ಗೋಡೆಯ ಹಿಂದಿನ ಬಾತು

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
೧೮ ನವೆಂಬರ್ ೨೦೧೬, ಶುಕ್ರವಾರ

ಬಾತುಕೋಳಿ ಕರೆಯಲು ಜಾರ್ಜಿಯಾ ದೇಶಕ್ಕೆ ಹೋಗಿರುವ ನನ್ನ ಯಜಮಾನರಾದ ಪೃಥ್ವಿರಾಜರಿಗೆ,

ನಾನೂ ತಿಲಕನೂ ಇಲ್ಲಿ ಕ್ಷೇಮ. ಹೌದು, ತಿಲಕನೂ. ಆ ಹೆಸರನ್ನು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಏರ್ಪಾಡಿನ ಪ್ರಕಾರ ಅವನು ಇಷ್ಟು ಹೊತ್ತಿಗೆ ಕಾಪುವಿನಲ್ಲಿ, ನಿಮ್ಮ ಅಮ್ಮನ ಮಂಚದ ಪಕ್ಕದ ತೊಟ್ಟಿಲಿನಲ್ಲಿ ಇರಬೇಕಿತ್ತು. ಅವನು ಇಲ್ಲಿ ಹಾಲ್‌ನ ಸೋಫಾದಲ್ಲಿ, ನನ್ನ ಮೊಣಕಾಲಿಗೆ ತಲೆ ಒತ್ತಿಕೊಂಡು ಮಲಗಿದ್ದಾನೆ. ನಿಮ್ಮ ಕ್ಷೇಮ ವಿಚಾರಿಸುವಷ್ಟು ಒಳ್ಳೆಯ ಮನಸ್ಸು ನನಗೆ ಇವತ್ತು ಇಲ್ಲ. ನಾಳೆ ಬಾಗಿಲು ತೆರೆದು ಒಳಗೆ ಬಂದಾಗ ನೀವೇ ಹೇಳುವಿರಂತೆ.

ಇದನ್ನು ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಆದರೆ ನೀವು ಮೊದಲ ಸಾಲು ಓದಿ ಹೆಬ್ಬೆರಳಿನ ಗುರುತು ಒಂದು ಹಾಕಿ ಮುಗಿಸುತ್ತೀರಿ. ಕಾಗದಕ್ಕೆ ಹೆಬ್ಬೆರಳು ತೋರಿಸಿ ಪ್ರಯೋಜನವಿಲ್ಲ. ಕುಳಿತು ಓದಲೇಬೇಕು. ನಿಮ್ಮ ಅಮ್ಮ ಫೋನಿನಲ್ಲಿ ಏನೇನು ಹೇಳಿರುತ್ತಾರೋ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ವಿಮಾನ ನಿಲ್ದಾಣದ ಕಥೆ ಮಾತ್ರ. ಉಳಿದದ್ದು ನನ್ನ ಹತ್ತಿರ ಉಂಟು.

ಶುರುವಾದದ್ದು ಆ ಪೀಪಿಯಿಂದ. ನೀವು ಅದನ್ನು ಡಕ್ ಕಾಲ್ ಅನ್ನುತ್ತೀರಿ, ನಿಮ್ಮ ಅಮ್ಮ ಪೀಪಿ ಅನ್ನುತ್ತಾರೆ, ಈ ಒಂದು ವಿಷಯದಲ್ಲಿ ನಾನು ಮಾಮಿಯ ಕಡೆ. ಅಕ್ಟೋಬರಿನಲ್ಲಿ ಇಲ್ಲಿ ಬೇಟೆ ಸಾಮಾನಿನ ಪ್ರದರ್ಶನ ಬಂದಾಗ ಹರ್ಬರ್ಟ್ ಸಾರ್ ಜೊತೆ ನೀವು ಹೋದಿರಿ. ತಿಲಕನಿಗೆ ಗಿಡುಗ ತೋರಿಸಿಕೊಂಡು ಬನ್ನಿ ಎಂದು ನಾನು ಹೇಳಿದ್ದಕ್ಕೆ, ಬಾಸ್ ಎದುರು ಮಗು ಎತ್ತಿಕೊಂಡು ನಿಲ್ಲಲಿಕ್ಕೆ ಆಗ್ತದಾ ಎಂದು ಕೇಳಿದಿರಿ. ಬರುವಾಗ ನಿಮ್ಮ ಕೈಯಲ್ಲಿ ಬೆರಳುದ್ದದ ಕಂದು ಮರದ ಪೀಪಿ, ಕುತ್ತಿಗೆಗೆ ಹಾಕಿಕೊಳ್ಳಲು ಹೆಣೆದ ದಾರ. ತಿಲಕ ಹುಟ್ಟಿದ ದಿನ ಅವನನ್ನು ಹಿಡಿದದ್ದಕ್ಕಿಂತ ಜೋಪಾನವಾಗಿ ಅದನ್ನು ಹಿಡಿದುಕೊಂಡಿದ್ದಿರಿ.

ಕಾರಣ ನನಗೆ ಅರ್ಥವಾಗದ್ದಲ್ಲ. ನಿಮ್ಮ ಮುಸಫ್ಫಾದ ಕಂಪೆನಿಯಲ್ಲಿ ಯಾರು ದೊಡ್ಡ ಕುರ್ಚಿಗೆ ಏರಬೇಕು ಎಂದು ತೀರ್ಮಾನವಾಗುವುದು ಆಫೀಸಿನಲ್ಲಿ ಅಲ್ಲ, ಚಳಿಗಾಲದಲ್ಲಿ ಹರ್ಬರ್ಟ್ ಸಾರ್ ಬಾತು ಹೊಡೆಯಲು ಹೋಗುವ ಕೆರೆಯ ದಂಡೆಯಲ್ಲಿ. ಪೀಪಿ ಊದಿ ಬಾತುಗಳನ್ನು ಅವರ ಬಂದೂಕಿನ ಹತ್ತಿರಕ್ಕೆ ಕರೆದುಕೊಡುತ್ತಿದ್ದ ಯುಜಿನ್ ಕೆನಡಾಕ್ಕೆ ಹೋದ ಮೇಲೆ ಆ ಜಾಗ ಖಾಲಿ. "ಬಂದೂಕು ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ ಮಾರಾಯಾ, ಹಕ್ಕಿ ಕರೆಯುವ ಗಂಟಲು ಬೇಕು" ಎಂದು ಅವರು ಹೇಳಿದ್ದನ್ನು ನೀವು ಮನೆಗೆ ಬಂದು ಎಷ್ಟು ಸಲ ಹೇಳಿದಿರಿ! ಮಿರ್ದಿಫ್‌ನ ಅವರ ವಿಲ್ಲಾದಲ್ಲಿ ಒಂದು ಶುಕ್ರವಾರ ಪರೀಕ್ಷೆ. ಗೆದ್ದವನು ಜಾರ್ಜಿಯಾಕ್ಕೆ.

ಆಮೇಲೆ ಈ ಒಂದು ಬೆಡ್‌ರೂಮಿನ ಮನೆಯಲ್ಲಿ ನಾವು ಪಟ್ಟ ಪಾಡು! ನೀವು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಊದುತ್ತಿದ್ದಿರಿ. ಟೈಲ್ಸಿಗೆ ಬಡಿದು ಆ ಸದ್ದು ನೀರಿನಲ್ಲಿ ಮುಳುಗಿದ ಬಸ್ಸಿನ ಹಾರ್ನಿನ ಹಾಗೆ ಹೊರಗೆ ಬರುತ್ತಿತ್ತು. "ಎಂತ ಪೃಥ್ವಿ, ನಿನ್ನ ಬಾತುಕೋಳಿಗೆ ಮಲಬದ್ಧತೆಯಾ?" ಎಂದು ಮಾಮಿ ಕೇಳಿದರೆ ನೀವು ನಗುತ್ತಿದ್ದಿರಿ. ಮಗು ಈಗಷ್ಟೇ ಕಣ್ಣು ಮುಚ್ಚಿದೆ ಎಂದು ನಾನು ಹೇಳಿದರೆ, "ಯಾವಾಗ ನೋಡಿದರೂ ಇವಳದ್ದೊಂದು ರಗಳೆ."

ಹಲ್ಲು ಬರುವ ಮಗು ಅದು. ಒಸಡು ಕೆಂಡದ ಹಾಗೆ ಇತ್ತು. ನಾನು ಅವನನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲ್‌ಗೆ ನಡೆಯುವಾಗ ನನ್ನ ಕಾಲು ನನ್ನದೇ ಎಂಬುದು ಮರೆತುಹೋಗುತ್ತಿತ್ತು. ಮಲಗಿಸಿದರೆ ಉಸಿರಾಡುತ್ತಿದ್ದಾನಾ ಎಂಬ ಭಯ, ಎದ್ದರೆ ಯಾಕೆ ಎದ್ದ ಎಂಬ ಭಯ. ಮೊದಲ ಮಗುವಿನ ತಾಯಂದಿರಿಗೆ ಹೀಗಾಗುತ್ತದೆ, ಮನೆಯವರು ಸ್ವಲ್ಪ ಕೈಜೋಡಿಸಬೇಕು ಎಂದು ಡಾಕ್ಟರು ನಿಮ್ಮ ಎದುರೇ ಹೇಳಿದ್ದರು. ನೀವು ತಲೆಯಾಡಿಸಿ, ಲಿಫ್ಟಿನಲ್ಲಿ ಇಳಿಯುವಾಗ, ಪಾರ್ಕಿಂಗ್ ಟೈಮ್ ಮುಗಿಯಿತಾ ಎಂದು ನೋಡಿಕೊಂಡಿರಿ.

ಕೈಜೋಡಿಸಿದಿರಿ, ಇಲ್ಲ ಎನ್ನುವುದಿಲ್ಲ. ನಾನು ಅಡುಗೆಮನೆಯಲ್ಲಿ ಅವನಿಗೆ ರಾಗಿ ಮಣ್ಣಿ ತಿರುವುತ್ತಿದ್ದಾಗ, ಹಾಲು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಿರಿ: "ಅಮ್ಮನ ವಿಸಿಟ್ ವೀಸಾ ನವೆಂಬರಿನಲ್ಲಿ ಮುಗೀತದೆ. ಹೋಗುವಾಗ ತಿಲಕನನ್ನೂ ಕರ್ಕೊಂಡು ಹೋಗ್ತಾರೆ. ಟಿಕೆಟ್ ಆಯ್ತು."

ಎಷ್ಟು ದಿನಕ್ಕೆ ಎಂದು ಕೇಳಿದೆ. ಎಂತಹ ಪೆದ್ದಿ ನಾನು. ದೀಪಾವಳಿಗೋ ಅಮ್ಮನ ಮನೆಗೋ ಹೋಗಿಬರುವ ಲೆಕ್ಕ ನನ್ನದು.

"ಶಾಲೆಗೆ ಹೋಗುವಷ್ಟು ಆಗಲಿ, ಆಮೇಲೆ ತರುವ."

ಮಾಮಿ ಬಾಗಿಲಲ್ಲಿ ನಿಂತು ಸೇರಿಸಿದರು: "ಎಲ್ಲರೂ ಮಾಡುವುದೇ ಮಾರಾಯ್ತಿ. ನಾನು ಇವನನ್ನು ಬಿಟ್ಟು ಬಹರೈನಿಗೆ ಹೋಗಲಿಲ್ಲವಾ? ಅಜ್ಜಿಯ ಹತ್ತಿರ ಬೆಳೆದ. ಈಗ ಎಂತ ಕಡಿಮೆ ಆಗಿದೆ ನೋಡು ಇವನಿಗೆ?"

ಕಡಿಮೆ ಏನಾಗಿದೆ ಎಂದು ನಾನು ಅವತ್ತು ಹೇಳಲಿಲ್ಲ. ಇವತ್ತು ಹೇಳುತ್ತೇನೆ. ಮಗು ಅತ್ತರೆ ನಿಮಗೆ ಗಡಿಯಾರ ನೋಡಲು ಮಾತ್ರ ಗೊತ್ತು. ಅಳುವ ಮಗುವಿನ ಹತ್ತಿರ ಹೋಗಬೇಕು ಎಂಬುದು ನಿಮಗೆ ತೋಚುವುದೇ ಇಲ್ಲ, ಯಾಕೆಂದರೆ ನೀವು ಅತ್ತಾಗ ಬರಬೇಕಾದವರು ಬಹರೈನಿನಲ್ಲಿದ್ದರು. ನನಗೆ ನಿಮ್ಮ ಮೇಲೆ ಕನಿಕರ ಇದೆ. ಆದರೆ ನಿಮ್ಮ ಹಾಗಿನ ಇನ್ನೊಬ್ಬನನ್ನು ಮಾಡಿ ಕೊಡಲು ನಾನು ಈ ಮಗುವನ್ನು ಹೆತ್ತಿಲ್ಲ.

ಕಾಲು ಹಿಡಿಯುವುದೊಂದು ಬಾಕಿ ಇತ್ತು, ನಿಮಗೆ ನೆನಪಿರಬೇಕು. ಮಗು ಇನ್ನೂ ಹಾಲು ಕುಡಿಯುತ್ತಿದೆ ಎಂದೆ. ಪೌಡರ್ ಎಂಬುದು ಕಂಡುಹಿಡಿದಾಗಿದೆ ಎಂದಿರಿ. ನಾನು ಸತ್ತುಹೋಗುತ್ತೇನೆ ಎಂದೆ. "ನೋಡಿದಿರಾ ಅಮ್ಮಾ, ಇದಕ್ಕೇ ನಾನು ಹೇಳುವುದು. ಇವಳ ಹತ್ತಿರ ಮಗುವನ್ನು ಬಿಡುವುದೇ ಅಪಾಯ." ಅಷ್ಟರ ಮೇಲೆ ನಾನು ನಿಮ್ಮೆದುರು ಅಳುವುದನ್ನು ನಿಲ್ಲಿಸಿದೆ. ನೀವು ಗಮನಿಸಿರಲಿಕ್ಕಿಲ್ಲ.

ಪೀಪಿಯನ್ನು ನಾನು ಮೊದಲು ಕೈಗೆತ್ತಿಕೊಂಡದ್ದು ಕಸದ ಚೀಲಕ್ಕೆ ಹಾಕುವುದಕ್ಕೆ. ನೀವು ಕಂಪೆನಿ ಬಸ್ಸಿನಲ್ಲಿ ಮುಸಫ್ಫಾಕ್ಕೆ ಹೋಗಿದ್ದಿರಿ, ಮಾಮಿ ಊಟ ಮುಗಿಸಿ ಕೋಣೆಯಲ್ಲಿ ಗೊರಕೆಯಲ್ಲಿದ್ದರು. ತಿಲಕ ನೆಲದಲ್ಲಿ ಕೂತು ಒಂದೇ ರಾಗದಲ್ಲಿ ಅಳುತ್ತಿದ್ದ. ಚೀಲದ ಬಾಯಿ ಬಿಡಿಸಿ, ಹಾಳು ಕುತೂಹಲಕ್ಕೆ, ಒಂದು ಸಲ ಊದಿದೆ. ಬಾತು ಬರಲಿಲ್ಲ, ಹಳೆಯ ಬಾಗಿಲಿನ ಕಿರುಚಾಟ ಬಂತು. ಆದರೆ ಮಗು ಅಳು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿತು. ಇನ್ನೊಮ್ಮೆ ಊದಿದೆ. ನಕ್ಕಿತು. ಎಷ್ಟೋ ವಾರಗಳ ಮೇಲೆ ಈ ಮನೆಯಲ್ಲಿ ನನ್ನನ್ನು ನೋಡಿ ಯಾರಾದರೂ ಸಂತೋಷದಿಂದ ನಕ್ಕದ್ದು ಅದು.

ಹಾಗೆ ಶುರುವಾಯಿತು. ನೀವು ಅರ್ಧ ನೋಡಿ ಬಿಟ್ಟ ಆ ಗಡ್ಡದ ಅಮೆರಿಕದವನ ವಿಡಿಯೋಗಳನ್ನು ನಾನು ಪೂರ್ತಿ ನೋಡಿದೆ. ಅವನು ಹೇಳುವುದು ಒಂದೇ: ಕೆನ್ನೆ ಉಬ್ಬಿಸಿ ಊದಬೇಡಿ, ಹೊಟ್ಟೆಯಿಂದ ಬಿಸಿ ಉಸಿರು ತನ್ನಿ. ಕನ್ನಡಿ ಒರೆಸುವ ಮೊದಲು ಬಾಯಿಂದ ಹಾ ಎಂದು ಮಂಜು ಮಾಡುತ್ತೇವಲ್ಲ, ಹಾಗೆ. ನೀವು ಜನ್ಮದಲ್ಲಿ ಕನ್ನಡಿ ಒರೆಸಿದವರಲ್ಲ. ನನಗೆ ಆ ಉಸಿರು ಹೆರಿಗೆ ಕೋಣೆಯಲ್ಲೇ ಬಂದಿತ್ತು. ಹೊಟ್ಟೆಯಿಂದ ತಾ, ತುಂಡು ತುಂಡು ಮಾಡಿ ಬಿಡು ಎಂದು ನರ್ಸ್ ನನ್ನ ಕೈ ಹಿಡಿದುಕೊಂಡು ಕಲಿಸಿದ್ದಳು. ನೀವು ಆಗ ಹೊರಗೆ ಫೋನಿನಲ್ಲಿದ್ದಿರಿ. ಪೀಪಿಯ ಒಳಗಿನ ತೆಳ್ಳನೆಯ ನಾಲಗೆ ಎಷ್ಟು ಅದುರಬೇಕು, ತುದಿಯನ್ನು ಅಂಗೈಯಿಂದ ಎಷ್ಟು ಮುಚ್ಚಿದರೆ ದನಿ ದೂರದ್ದೆನಿಸುತ್ತದೆ, ಎಲ್ಲವನ್ನೂ ನಾನು ತಿಲಕನ ಮುಖ ನೋಡಿ ಕಲಿತೆ. ಸರಿಯಾಗಿ ಬಂದರೆ ಅವನು ಕೈ ಬಡಿಯುತ್ತಿದ್ದ.

ಒಂದು ವಿಷಯ ಕಲಿತಾಗ ನಾನು ಒಬ್ಬಳೇ ನಕ್ಕೆ. ಕ್ವಾಕ್ ಕ್ವಾಕ್ ಎಂದು ದೊಡ್ಡದಾಗಿ ಕೂಗುವುದು ಹೆಣ್ಣು ಬಾತು ಮಾತ್ರವಂತೆ. ಗಂಡಿಗೆ ಇರುವುದು ಗಂಟಲು ಕಟ್ಟಿದವನ ಪಿಸುಧ್ವನಿ. ಅಂದರೆ ನೀವೆಲ್ಲ ಗಂಡಸರು ದಪ್ಪ ಕೋಟು ಹಾಕಿಕೊಂಡು, ವಿಮಾನ ಹತ್ತಿ, ಕೆರೆಯ ಹುಲ್ಲಿನಲ್ಲಿ ಅಡಗಿ ಕೂತು ಮಾಡುವುದು ಹೆಣ್ಣಿನ ದನಿಯ ಕಳ್ಳತನ.

ಪರೀಕ್ಷೆ ಹತ್ತಿರ ಬಂತು, ನಿಮ್ಮ ಬಾತು ಬಸ್ಸಿನ ಹಾರ್ನಾಗಿಯೇ ಉಳಿಯಿತು. ಒಂದು ಸಂಜೆ ನೀವು ಹತಾಶೆಯಿಂದ ಅದನ್ನು ಸೋಫಾಕ್ಕೆ ಎಸೆದಾಗ ನಾನು ಎತ್ತಿಕೊಂಡು ಊದಿದೆ. ನಿಮ್ಮ ಮುಖ ನಾನು ಮರೆಯುವುದಿಲ್ಲ. ಮೊದಲು ಆಶ್ಚರ್ಯ, ಆಮೇಲೆ ಕೋಪ, ಆಮೇಲೆ ಲೆಕ್ಕಾಚಾರ. "ಯಶು, ಹರ್ಬರ್ಟ್ ಸಾರ್ ಎದುರಿನ ವರಾಂಡದಲ್ಲಿ ಕೂತ್ಕೊಳ್ತಾರೆ. ಊದುವವರು ವಿಲ್ಲಾದ ಹಿಂದಿನ ಗೋಡೆಯ ಆಚೆ. ಯಾರು ಊದಿದ್ದು ಅಂತ ಕಾಣುವುದಿಲ್ಲ. ನೀನು ಮಗುವಿಗೆ ಹಾಲು ಕುಡಿಸಲಿಕ್ಕೆ ಅಂತ ಹಿಂದೆ ಹೋದರೆ..."

ಊದುತ್ತೇನೆ, ತಿಲಕನ ಟಿಕೆಟ್ ಕ್ಯಾನ್ಸಲ್ ಮಾಡಿ ಎಂದೆ. ನೀವು ಕೂಡಲೇ ಒಪ್ಪಿದಿರಿ. ಬಾಯಿಮಾತು ಸಾಲದು ಎಂದೆ. ನಿಮ್ಮ ಮನೆಯ ದೈವ ಪಂಜುರ್ಲಿಯ ಹೆಸರು ಹೇಳಿ ಆಣೆ ಮಾಡಿದಿರಿ. ಆಟಕ್ಕೂ ಆ ಹೆಸರು ಎತ್ತುವವರಲ್ಲ ನಮ್ಮ ಕಡೆಯವರು. ನಾನು ನಂಬಿದೆ.

ಮಿರ್ದಿಫ್‌ನ ಆ ಊಟ ನಿಮಗೆ ನೆನಪಿರುವುದು ಗೆದ್ದದ್ದಕ್ಕಾಗಿ. ನನಗೆ ನೆನಪಿರುವುದು ಬೇರೆ. ಹರ್ಬರ್ಟ್ ಸಾರ್ ಹೆಂಡತಿ ಪರ್ಲ್ ಆಂಟಿ ಬಡಿಸುತ್ತಿದ್ದರು, ನಿಮ್ಮ ಆಫೀಸಿನ ರುಡೊಲ್ಫ್, ಅವನ ಹೆಂಡತಿ ಎಲ್ಸಿ, ಮಾಮಿ, ಎಲ್ಲರೂ ಸುತ್ತ ಕೂತಿದ್ದರು. ಪಾಪ, ಯಶ್ಮಿತಾ ಬಡಕಲಾಗಿದ್ದಾಳೆ ಎಂದು ಪರ್ಲ್ ಆಂಟಿ ಹೇಳಿದ್ದಕ್ಕೆ ನೀವು ಎಂತ ಹೇಳಿದಿರಿ? "ಬಡಕಲಾಗದೆ ಮತ್ತೆ? ಇವಳು ಮಲಗುವುದೇ ಇಲ್ಲ ಆಂಟಿ. ಮಗುವಿನ ಮೂಗಿಗೆ ಬೆರಳು ಹಿಡ್ಕೊಂಡು ಕೂತಿರ್ತಾಳೆ, ಗ್ಯಾಸ್ ಲೀಕ್ ಚೆಕ್ ಮಾಡಿದ ಹಾಗೆ!" ರುಡೊಲ್ಫ್‌ಗೆ ನೀರು ನೆತ್ತಿಗೆ ಹತ್ತುವಷ್ಟು ನಗು. ಹರ್ಬರ್ಟ್ ಸಾರ್ ಮೇಜು ಬಡಿದರು. ನೀವು ನನ್ನ ಬೆರಳನ್ನು ಅನುಕರಣೆ ಮಾಡಿ ಇನ್ನೊಮ್ಮೆ ತೋರಿಸಿದಿರಿ, ಮೊದಲ ಸಲ ನೋಡದವರಿಗಾಗಿ.

ಆ ನಗು ಮುಗಿದ ಮೇಲೆಯೂ ನಾನು ನಿಮಗಾಗಿ ಊದಿದೆ. ಇದನ್ನು ನೆನಪಿಡಿ.

ಹಿಂದಿನ ಗೋಡೆಯ ಆಚೆ, ವಾಷಿಂಗ್ ಮೆಷಿನ್ ಇಟ್ಟ ಜಾಗದಲ್ಲಿ, ನಾನು ತಿಲಕನನ್ನು ಸೊಂಟದಲ್ಲಿ ಕೂರಿಸಿಕೊಂಡು ನಿಂತಿದ್ದೆ. ರುಡೊಲ್ಫ್ ತನ್ನ ಸರದಿಗೆ ಊದಲು ಬಂದಾಗ ಕೆಲಸದವಳ ಕೋಣೆಯೊಳಗೆ ಸರಿದುಕೊಂಡೆ. ಅವನು ಊದಿದ್ದು ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ. ಆಮೇಲೆ ನೀವು ಬಂದಿರಿ, ಪೀಪಿಯನ್ನು ನನ್ನ ಕೈಗೆ ಕೊಟ್ಟು ಪ್ಯಾಂಟಿನ ಜೇಬಿಗೆ ಕೈ ಹಾಕಿ ನಿಂತಿರಿ. ನಾನು ಮೊದಲು ದೂರದ ಹಿಂಡನ್ನು ಕರೆಯುವ ಕೂಗು ಕೊಟ್ಟೆ, ಎತ್ತರದಿಂದ ಇಳಿದು ಬರುವ ಕೂಗು. ಆಮೇಲೆ ಒಂಟಿ ಹೆಣ್ಣಿನ ಕೂಗು, ಬಿಟ್ಟು ಬಿಟ್ಟು, ಯಾರಾದರೂ ಇದ್ದೀರಾ ಎನ್ನುವ ಹಾಗೆ. ಕೊನೆಗೆ ಮೇಯುವ ಹಕ್ಕಿಗಳ ಮೆಲುದನಿ. ಪರ್ಲ್ ಆಂಟಿ ಸಾಕಿದ ಬಿಳಿ ಬಾತುಗಳು ತಂತಿಬಲೆಯ ಆಚೆಯಿಂದ ಓಡೋಡಿ ಬಂದು ನನ್ನ ಎದುರು ಸಾಲಾಗಿ ನಿಂತವು.

"ಅರೇ ದೇವಾ!" ಎಂದು ವರಾಂಡದಿಂದ ಹರ್ಬರ್ಟ್ ಸಾರ್ ಕೂಗಿದ್ದು ನಮ್ಮಿಬ್ಬರಿಗೂ ಕೇಳಿಸಿತು. "ಇದು ಮನುಷ್ಯ ಊದಿದ್ದಲ್ಲ ಮಾರಾಯಾ! ಯಾರದು? ಪೃಥ್ವಿಯಾ? ಖಲಾಸ್, ಇವನೇ ಬರುವುದು!"

ನೀವು ನನ್ನ ಕೈಯಿಂದ ಪೀಪಿ ಕಿತ್ತುಕೊಂಡು ಓಡಿದಿರಿ. ನಾನು ಅಲ್ಲೇ ನಿಂತೆ. ತಿಲಕನ ಹಣೆಗೆ ಮುತ್ತಿಟ್ಟೆ, ಮಗು ಉಳಿಯಿತು ಎಂಬ ಸಂತೋಷಕ್ಕೆ.

ಆ ಸಂತೋಷ ಶೇಖ್ ಜಾಯೆದ್ ರಸ್ತೆ ಹತ್ತುವವರೆಗೆ ಮಾತ್ರ ಇತ್ತು. ಕಾರಿನಲ್ಲಿ ನಾನು ಟಿಕೆಟ್ ವಿಷಯ ತೆಗೆದಾಗ ನೀವು ಇಂಡಿಕೇಟರ್ ಹಾಕಿದಿರಿ, ಕನ್ನಡಿ ನೋಡಿದಿರಿ, ಲೇನ್ ಬದಲಿಸಿದಿರಿ. ಆಮೇಲೆ, "ಅದು ನಾನ್-ರಿಫಂಡೆಬಲ್, ಯಶು." ಆಣೆ ಎಂದು ನೆನಪಿಸಿದೆ. ಹಿಂದಿನ ಸೀಟಿನಿಂದ ನಿಮ್ಮ ಅಮ್ಮ ಉತ್ತರಿಸಿದರು: "ಹೆಂಡತಿಯ ಬಾಯಿ ಮುಚ್ಚಿಸಲಿಕ್ಕೆ ಹಾಕಿದ ಆಣೆಗೆಲ್ಲ ದೈವ ಕಿವಿ ಕೊಡುವುದಿಲ್ಲ. ಊರಿಗೆ ಹೋಗಿ ನಾನೊಂದು ತಪ್ಪುಕಾಣಿಕೆ ಹಾಕ್ತೇನೆ." ನೀವಿಬ್ಬರೂ ನಕ್ಕಿರಿ. ನಾನೂ ನಕ್ಕೆ. ನಾನು ನಕ್ಕದ್ದನ್ನು ನೋಡಿ ನಿಮಗೆ ಸಮಾಧಾನವಾಯಿತು. ಹುಡುಗಿ ದಾರಿಗೆ ಬಂದಳು ಎಂದುಕೊಂಡಿರಿ.

ನಿಮ್ಮ ಬೇಟೆಯ ದಿನಗಳು ಗೊತ್ತಾದಾಗ ಅಮ್ಮನ ವಿಮಾನ ಅದರ ನಡುವೆ ಬಿದ್ದಿತ್ತು. ವೀಸಾ ಮುಗಿಯುವುದರಿಂದ ಅವರ ದಿನ ಮುಂದೆ ಹಾಕುವಂತಿಲ್ಲ, ಹರ್ಬರ್ಟ್ ಸಾರ್ ದಿನ ಯಾರೂ ಮುಂದೆ ಹಾಕುವವರಿಲ್ಲ. ನಿಮಗೆ ಚಿಂತೆಯಾಗಬಹುದು ಎಂದುಕೊಂಡೆ. ಇಲ್ಲ. "ನೀನೇ ಏರ್‌ಪೋರ್ಟಿಗೆ ಬಿಟ್ಟು ಬಾ. ನಾನಿದ್ದು ಎಂತ ಮಾಡಲಿಕ್ಕುಂಟು?" ಮಗನನ್ನು ವರ್ಷಗಟ್ಟಲೆ ಬಿಡುವ ದಿನ ತಾನಿದ್ದು ಮಾಡಲು ಏನೂ ಇಲ್ಲ ಎಂದು ಹೇಳುವ ತಂದೆಯನ್ನು ನಾನು ದುರುಗುಟ್ಟಿ ನೋಡಲಿಲ್ಲ. ಆಗಲಿ ಎಂದೆ. ನೀವು ಖಂಡಿತ ಹೋಗಬೇಕು ಎಂದು ನಿಮ್ಮ ಉಣ್ಣೆಯ ಟೊಪ್ಪಿಯನ್ನು ನಾನೇ ಹುಡುಕಿ ಕೊಟ್ಟೆ. ನೀವು ಇಲ್ಲಿದ್ದರೆ ಮಗುವನ್ನು ನನ್ನ ಕೈಯಿಂದ ಬಿಡಿಸಲು ಎರಡು ಗಟ್ಟಿ ಕೈ ಇರುತ್ತಿತ್ತು. ನೀವು ದೂರದ ಕೆರೆಯಲ್ಲಿ, ಫೋನು ಸಿಗದ ಕಡೆ ಇರಬೇಕಿತ್ತು.

ಆದರೆ ಅಷ್ಟಕ್ಕೇ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಮಗುವನ್ನು ಉಳಿಸಿಕೊಳ್ಳುವುದು ತಾಯಿಯ ಕೆಲಸ. ಗ್ಯಾಸ್ ಲೀಕ್ ಚೆಕ್ ಮಾಡುವವಳಿಗೆ ಬೇರೆಯೇ ಒಂದು ಕೆಲಸ ಬಾಕಿ ಇತ್ತು.

ಕೆರೆಯ ದಂಡೆಯಲ್ಲಿ ನಾನು ಇರುವುದಿಲ್ಲ ಎಂದು ನಿಮಗೆ ತಡವಾಗಿ ಹೊಳೆಯಿತು. "ಯಶು, ನನಗೂ ಸ್ವಲ್ಪ ಹೇಳಿಕೊಡು ಮಾರಾಯ್ತಿ" ಎಂದು ನೀವು ನೆಲದಲ್ಲಿ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತಾಗ, ಮದುವೆಯಾದ ಮೇಲೆ ಮೊದಲ ಸಲ ನೀವು ನನ್ನ ಮಾತನ್ನು ಬಾಯಿ ಮುಚ್ಚಿಕೊಂಡು ಕೇಳಿದಿರಿ. ನಾನು ಎಷ್ಟು ತಾಳ್ಮೆಯಿಂದ ಕಲಿಸಿದೆ! ಹೊಟ್ಟೆಯ ಉಸಿರು ನಿಜವಾಗಿಯೇ ಕಲಿಸಿದೆ. ದನಿ ಬಾತಿನದ್ದೇ ಆಗುವವರೆಗೆ ಬಿಡಲಿಲ್ಲ. ಸುಳ್ಳು ಹೇಳಿದ್ದು ಒಂದೇ ಒಂದು ಕಡೆ.

ಹಕ್ಕಿ ಹತ್ತಿರ ಬಂದಷ್ಟೂ ಮೆತ್ತಗೆ ಊದಬೇಕು. ತಲೆಯ ಮೇಲೆ ಬಂದಾಗ ಬರೀ ಗೊಣಗಬೇಕು. ನಾನು ನಿಮಗೆ ಹೇಳಿಕೊಟ್ಟದ್ದು ಉಲ್ಟಾ. ಹತ್ತಿರ ಬಂದಾಗ ಎದೆಯಲ್ಲಿರುವ ಉಸಿರೆಲ್ಲ ಹಾಕಿ, ಏರಿಳಿತವಿಲ್ಲದೆ, ಒಂದೇ ಎತ್ತರದಲ್ಲಿ, ಕಡಿದು ಕಡಿದು ಊದಿ ಎಂದೆ. ಆ ಕೂಗಿಗೆ ಏನರ್ಥ ಎಂದು ನನಗೆ ಗೊತ್ತಿತ್ತು. ಮಿರ್ದಿಫ್‌ನಲ್ಲಿ ನೀವು ಗೆಲುವಿನ ಗಡಿಬಿಡಿಯಲ್ಲಿ ಪೀಪಿಯನ್ನು ಟೀ ಮೇಜಿನ ಮೇಲೆ ಮರೆತಿದ್ದಾಗ, ನಾನು ಹಿಂದೆ ಹೋಗಿ ಕುತೂಹಲಕ್ಕೆ ಹಾಗೊಮ್ಮೆ ಊದಿ ನೋಡಿದ್ದೆ. ನನ್ನ ಎದುರು ಸಾಲಾಗಿ ನಿಂತಿದ್ದ ಅದೇ ಬಾತುಗಳು ಒಂದರ ಮೇಲೊಂದು ಬಿದ್ದುಕೊಂಡು ನೀರಿನ ಟ್ಯಾಂಕಿನ ಅಡಿಗೆ ನುಗ್ಗಿದ್ದವು. ಹದ್ದು ಬಂತು, ಓಡಿ ಎಂದು ತಾಯಿ ಹಕ್ಕಿ ಮರಿಗಳಿಗೆ ಹೇಳುವ ಕೂಗು ಅದು. ನೀವು ಅದನ್ನೇ ಊರೆಲ್ಲ ಕೇಳುವ ಹಾಗೆ ಅಭ್ಯಾಸ ಮಾಡಿದಿರಿ, ಜಂಬದಿಂದ. "ಈಗ ಹೇಗುಂಟು?" ಎಂದು ಕೇಳಿದಿರಿ. ಬಹಳ ಚೆನ್ನಾಗಿ ಬಂತು ಎಂದೆ. ಅದು ಸುಳ್ಳಲ್ಲ.

ಬುಧವಾರದ ಕಥೆ ಇಷ್ಟು. ಮಾಮಿ, ನಾನು, ತಿಲಕ, ಟ್ಯಾಕ್ಸಿಯಲ್ಲಿ ಹ್ಯಾಪಿ ಹ್ಯಾಪಿಯಾಗಿ ಹೋದೆವು. ನಾನು ಎಷ್ಟು ಶಾಂತವಾಗಿದ್ದೆ ಎಂದರೆ ದಾರಿಯಲ್ಲಿ ಮಾಮಿ ನನ್ನ ತೊಡೆ ತಟ್ಟಿ, "ಗಟ್ಟಿ ಹುಡುಗಿ ನೀನು" ಎಂದರು. ಸೂಟ್‌ಕೇಸುಗಳು ಬೆಲ್ಟಿನ ಮೇಲೆ ಒಳಗೆ ಹೋದವು. ತಿಲಕನ ಬಟ್ಟೆಗಳೂ ಅದರಲ್ಲಿ. ಕೌಂಟರಿನ ಹುಡುಗಿ ಬೋರ್ಡಿಂಗ್ ಪಾಸ್ ಮುದ್ರಿಸುವ ಮೊದಲು, ಮಗು ಯಾರ ಜೊತೆ ಎಂದು ಕೇಳಿದಳು. ಅಜ್ಜಿಯ ಜೊತೆ ಎಂದು ಮಾಮಿ ಹಿಂದಿಯಲ್ಲಿ ಹೇಳಿ ಕೈ ಚಾಚಿದರು. ನಾನು, ಇವನ ತಾಯಿ ನಾನು, ಮಗು ಹೋಗುವುದಿಲ್ಲ, ಅವರೊಬ್ಬರೇ ಹೋಗುವುದು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಎಂತ ಹೇಳಿದೆ ನೀನು ಅವಳ ಹತ್ತಿರ?" ಮಾಮಿ ಕೇಳಿದರು. ಹೇಳಿದೆ. ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಮಗುವಿನ ಕಂಕುಳಿಗೆ ಕೈ ಹಾಕಿದರು. ನಾನು ಬಿಡಲಿಲ್ಲ. ಹಿಂದೆ ಸಾಲಿನಲ್ಲಿದ್ದ ನಮ್ಮೂರಿನವರೆಲ್ಲ ನೋಡುತ್ತಿದ್ದರು. ಮಂಗಳೂರಿನ ವಿಮಾನ ಅಲ್ಲವಾ, ತುಳು ಗೊತ್ತಿಲ್ಲದವರು ಯಾರಿದ್ದಾರೆ? "ಹುಚ್ಚಿ! ನನ್ನ ಮಗ ಬರಲಿ, ನಿನ್ನನ್ನು ಸೀದಾ ಅಪ್ಪನ ಮನೆಗೆ ಕಳಿಸ್ತಾನೆ!" ಎಂದರು. ಕಳಿಸಲಿ ಮಾಮಿ, ಮಗು ನನ್ನ ಸೊಂಟದಲ್ಲೇ ಇರುತ್ತದಲ್ಲ ಎಂದೆ. ನಿಮಗೆ ಫೋನು ಹಚ್ಚಿದರು, ಹಚ್ಚಿದರು, ಹಚ್ಚಿದರು. ಫೋನು ವ್ಯಾಪ್ತಿಯಲ್ಲಿರಲಿಲ್ಲ. ಕೊನೆಗೆ ಕೌಂಟರಿಗೆ ಒರಗಿ ಅತ್ತೇಬಿಟ್ಟರು. "ತೊಟ್ಟಿಲಿಗೆ ಬಣ್ಣ ಹೊಡೆಸಿದ್ದೇನೆ ಮಾರಾಯ್ತಿ" ಎಂದರು. ಆ ಮಾತಿಗೆ ನನಗೆ ಅಯ್ಯೋ ಎನಿಸಿದ್ದು ನಿಜ. ಅವರಿಗೆ ಬೇಕಾಗಿದ್ದದ್ದು ತಿಲಕ ಅಲ್ಲ, ಬಹರೈನಿಗೆ ಹೋಗುವಾಗ ಬಿಟ್ಟುಹೋದ ಆ ಇನ್ನೊಂದು ಮಗು ಇರಬೇಕು ಎಂದು ನನಗೆ ಹೊಳೆಯಿತು. ಹೊಳೆದರೂ ಕೊಡಲಿಲ್ಲ. ವೀಸಾ ಮುಗಿಯುತ್ತಿತ್ತು, ಅವರು ಹೋಗಲೇಬೇಕಿತ್ತು. ತಿರುಗಿ ನೋಡದೆ ಒಳಗೆ ಹೋದರು.

ಮಗುವಿನ ಬಟ್ಟೆಯೆಲ್ಲ ಕಾಪುವಿನಲ್ಲಿದೆ. ಪಕ್ಕದ ಫ್ಲ್ಯಾಟಿನ ಖೈರುನ್ನಿಸ ತನ್ನ ಮೊಮ್ಮಗಳ ಹಳೆಯ ಫ್ರಾಕು ಕೊಟ್ಟಿದ್ದಾಳೆ. ನಿಮ್ಮ ಮಗ ಈಗ ಗುಲಾಬಿ ಬಣ್ಣದ ಫ್ರಾಕಿನಲ್ಲಿದ್ದಾನೆ. ನೋಡಿ ಬೆಚ್ಚಬೇಡಿ.

ಇನ್ನು ಮುಂದಿನದು. ನೀವು ನನ್ನ ವೀಸಾ ಕ್ಯಾನ್ಸಲ್ ಮಾಡುತ್ತೇನೆ ಎಂದು ಹೇಳುತ್ತೀರಿ, ನಾನು ಬಲ್ಲೆ. ಮಾಡಿ. ನಾನು ಕಾರ್ಕಳದ ನನ್ನ ಅಮ್ಮನ ಮನೆಗೆ ಹೋಗುತ್ತೇನೆ, ತಿಲಕನೂ ಬರುತ್ತಾನೆ. ಮಾಡದಿದ್ದರೆ ಇಲ್ಲೇ ಇರುತ್ತೇವೆ. ಎರಡರಲ್ಲಿ ಯಾವುದಾದರೂ ನನಗೆ ಸಮ್ಮತ. ನಿಮ್ಮ ಅಮ್ಮನ ಮನೆ ಎಂಬ ಮೂರನೆಯದು ಮಾತ್ರ ಇಲ್ಲ. ಕ್ಷಮೆ ಕೇಳುವುದಕ್ಕೆ ಈ ಕಾಗದ ಬರೆದದ್ದಲ್ಲ. ನೀವು ಬಾಗಿಲಲ್ಲಿ ಸೂಟ್‌ಕೇಸು ಇಟ್ಟು, ಅಲ್ಲಿ ಹಕ್ಕಿಯೇ ಇರಲಿಲ್ಲ, ಗಾಳಿ ಸರಿ ಇರಲಿಲ್ಲ ಎಂದು ಕಥೆ ಕಟ್ಟುವ ಮೊದಲೇ, ಹಕ್ಕಿಗಳು ಯಾಕೆ ಇಳಿಯಲಿಲ್ಲ ಎಂದು ನಿಮಗೆ ಗೊತ್ತಿರಲಿ ಎಂದು ಬರೆದೆ. ಅವು ತಾಯಿಯ ಮಾತು ಕೇಳಿದವು, ಅಷ್ಟೇ.

ಅನ್ನ ಫ್ರಿಜ್ಜಿನಲ್ಲಿದೆ. ಸಾರು ಬಿಸಿ ಮಾಡಿಕೊಳ್ಳಿ.

ಇಂತಿ,
ತಿಲಕನ ತಾಯಿ
ಯಶ್ಮಿತಾ

ತಾ.ಕ.: ಕಾಗದ ಮಡಿಸುವಾಗ ಮಿರ್ದಿಫ್‌ನಿಂದ ಪರ್ಲ್ ಆಂಟಿಯ ಫೋನು ಬಂತು. ಹರ್ಬರ್ಟ್ ಸಾರ್ ಪಟ್ಟಣಕ್ಕೆ ಮರಳಿ ಅವರಿಗೆ ಫೋನು ಮಾಡಿದ್ದರಂತೆ. ಹಿಂಡು ಪ್ರತಿ ಸಲವೂ ಬಂದು, ನೀವು ಊದಿದ ಕೂಡಲೇ ತಿರುಗಿ ಹೋಯಿತಂತೆ. ಅಲ್ಲಿಯ ಮುದುಕ ಬೇಟೆಗಾರ ನಿಮ್ಮ ಕುತ್ತಿಗೆಯಿಂದ ಪೀಪಿ ಬಿಚ್ಚಿ ತನ್ನ ಜೇಬಿಗೆ ಹಾಕಿಕೊಂಡನಂತೆ. ತಮ್ಮ ವಿಲ್ಲಾದ ಗೋಡೆಯ ಹಿಂದೆ ಸಾಕ್ಷಾತ್ ಬಾತುಕೋಳಿಯ ಹಾಗೆ ಊದಿದವನಿಗೆ ಅಲ್ಲಿ ಎಂತ ಆಯಿತು ಎಂದು ಹರ್ಬರ್ಟ್ ಸಾರ್ ಅದನ್ನೇ ಕೇಳುತ್ತಿದ್ದಾರಂತೆ. ಆಮೇಲೆ ಪರ್ಲ್ ಆಂಟಿ ತಾವೇ ಒಂದು ವಿಷಯ ಹೇಳಿದರು. ಆ ಶುಕ್ರವಾರ ಅವರು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದರಂತೆ. ಊದುವ ನನ್ನನ್ನು, ಸೊಂಟದ ಮಗುವನ್ನು, ಜೇಬಿನಲ್ಲಿ ಕೈ ಹಾಕಿ ನಿಂತ ನಿಮ್ಮನ್ನು. ಬಾಸ್‌ಗೆ ಮೋಸ ಮಾಡಿದ್ದು ಗೊತ್ತಾದರೆ ನಿಮ್ಮ ಕೆಲಸ ಹೋಗಬಹುದು, ಕೆಲಸ ಹೋದರೆ ನಮ್ಮ ಮೂವರ ವೀಸಾವೂ ಹೋಗುತ್ತದೆ ಎಂದು ಇಷ್ಟು ದಿನ ಬಾಯಿ ಬಿಡಲಿಲ್ಲವಂತೆ. "ಈಗ ಹರ್ಬರ್ಟ್ ಪುನಃ ಫೋನು ಮಾಡ್ತಾರೆ. ನಾನು ಎಂತ ಹೇಳಲಿ ಮಗಾ?" ಎಂದು ಕೇಳಿದರು.

ಹೇಳಿಬಿಡಿ ಆಂಟಿ ಎಂದೆ.